ನನಗೆ ಪ್ರಶ್ನೆ ಕೇಳಿದವರಿಗೆಲ್ಲ

ಕಳೆದ ವಾರ ಫಲಿತಾಂಶ ಬಂತು. ಬಿಗ್ ಡೇಟಾ ಅನಾಲಿಟಿಕ್ಸ್‌ನಲ್ಲಿ ನನ್ನ ಸ್ನಾತಕೋತ್ತರ ಪದವಿ ಮುಗಿಯಿತು. ಕೆಲಸ ಬಿಡದೆ, ಮನೆ ನೋಡಿಕೊಂಡು, 38ನೇ ವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದವಳು ನಾನು. ಎರಡು ವರ್ಷದ ಕೋರ್ಸಿಗೆ ಮೂರು ವರ್ಷ ಹಿಡಿಯಿತು. ಫಲಿತಾಂಶ ನೋಡಿದ ಕೂಡಲೇ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಆದರೆ ಫೋನಿನಲ್ಲಿ ‘ಥ್ಯಾಂಕ್ಸ್’ ಅಂದರೆ ಎಲ್ಲರೂ ‘ಅಯ್ಯೋ, ನಾನೇನು ಮಾಡಿದೆ’ ಅಂತಾರೆ. ಏನು ಮಾಡಿದರು ಅನ್ನೋದನ್ನ ಬರೆದೇ ಹೇಳಬೇಕು ಅನ್ನಿಸಿತು.

ನಾನು ಓದಿದ್ದು ಕಾಮರ್ಸ್. 14 ವರ್ಷದಿಂದ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಎಕ್ಸೆಲ್ ಕಣ್ಣು ಮುಚ್ಚಿಕೊಂಡು ಮಾಡುವಷ್ಟು ರೂಢಿ. ಅದರ ಒಂದು ಶೀಟಿನಲ್ಲಿ 10,48,576 ಸಾಲು ಹಿಡಿಯುತ್ತದೆ, ಅದರ ಮೇಲೆ ಒಂದೂ ಇಲ್ಲ. ಒಂದು ದಿನ ನಮ್ಮ ಫೈಲು ಆ ಗಡಿ ದಾಟಿತು. ಕೊನೆಯ ಸಾಲುಗಳು ಶೀಟಿಗೆ ಬರಲೇ ಇಲ್ಲ, ಮೊತ್ತ ತಾಳೆಯಾಗಲಿಲ್ಲ. ಎಲ್ಲಿ ಹೋಯಿತು ಅಂತ ಹುಡುಕುತ್ತಾ ಮೂರು ದಿನ ಕೂತಿದ್ದೆ. ಹಾಗಾದರೆ ಕೋಟಿಗಟ್ಟಲೆ ಸಾಲು ಇರುವವರು ಏನು ಮಾಡುತ್ತಾರೆ? ಆ ಕುತೂಹಲವೇ ನನ್ನನ್ನು ಈ ಕೋರ್ಸಿಗೆ ತಂದು ನಿಲ್ಲಿಸಿತು.

ಮೊದಲ ಸೆಮಿಸ್ಟರ್‌ನಲ್ಲೇ ಲೀನಿಯರ್ ಆಲ್ಜಿಬ್ರಾ ಪೇಪರ್ ಹೋಯಿತು. ಮನೆಯಲ್ಲಿ ಹೇಳೋಕೆ ಎರಡು ದಿನ ಬೇಕಾಯಿತು. ಕೋರ್ಸ್ ಬಿಟ್ಟುಬಿಡೋಣ ಅಂತ ಪತ್ರವನ್ನೂ ಬರೆದಿಟ್ಟೆ. ಆಗ ಫೋನ್ ಮಾಡಿದವನು ನಮ್ಮ ಬ್ಯಾಚಿನ ಎಲ್ಲರಿಗಿಂತ ಚಿಕ್ಕ ಹುಡುಗ. ನನಗಿಂತ 16 ವರ್ಷ ಚಿಕ್ಕವನು. ‘ಅಕ್ಕಾ, ಎಲ್ಲಿ ಸಿಕ್ಕಿಹಾಕಿಕೊಂಡ್ರಿ?’ ಅಂದ. ಎಷ್ಟು ಮಾರ್ಕ್ಸ್ ಬಂತು ಅಂತ ಕೇಳಲಿಲ್ಲ, ಎಲ್ಲಿ ಅಂತ ಕೇಳಿದ. ‘ಐಗನ್ ವೆಕ್ಟರ್‌ನಲ್ಲಿ’ ಅಂದೆ.

ಮಾರನೇ ದಿನ ಒಂದು ತೆಳು ರಬ್ಬರ್ ಹಾಳೆ ತಂದ. ಅದರ ಮೇಲೆ ಪೆನ್ನಿನಿಂದ ಏಳೆಂಟು ಬಾಣ ಬರೆದ, ಎಲ್ಲವೂ ಬೇರೆ ಬೇರೆ ದಿಕ್ಕಿಗೆ. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತಾನು ಹಿಡಿದು ಎಳೆದ. ಓರೆಯಾಗಿದ್ದ ಬಾಣಗಳೆಲ್ಲ ವಾಲಿಕೊಂಡವು. ಎಳೆದ ದಿಕ್ಕಿನಲ್ಲೇ ಇದ್ದ ಬಾಣ ಮಾತ್ರ ವಾಲದೆ ಉದ್ದವಾಯಿತು. ಅದಕ್ಕೆ ಅಡ್ಡಲಾಗಿದ್ದದ್ದು ಇದ್ದಲ್ಲೇ ಇದ್ದು ಸ್ವಲ್ಪ ಕುಗ್ಗಿತು. ‘ದಿಕ್ಕು ಬದಲಾಗದೆ ಉಳಿದವು ಇವೆರಡೇ ಅಕ್ಕಾ, ಇವೇ ಐಗನ್ ವೆಕ್ಟರ್. ಎಷ್ಟು ಪಟ್ಟು ಹಿಗ್ಗಿತು, ಎಷ್ಟು ಕುಗ್ಗಿತು ಅನ್ನೋದು ಐಗನ್ ವ್ಯಾಲ್ಯೂ.’ ಅಷ್ಟೇ ಹೇಳಿದ್ದು. ಮುಂದಿನ ಸೆಮಿಸ್ಟರ್‌ನಲ್ಲಿ 50 ಕಾಲಂ ಇರುವ ಡೇಟಾವನ್ನು ಮೂರು ನಾಲ್ಕಕ್ಕೆ ಇಳಿಸುವ ಪಿಸಿಎ ಬಂದಾಗ, ಡೇಟಾ ಯಾವ ದಿಕ್ಕಿನಲ್ಲಿ ಜಾಸ್ತಿ ಹರಡಿದೆ ಅಂತ ಕಂಡುಹಿಡಿಯೋದು ಅದೇ ಬಾಣ ಹುಡುಕುವ ಕೆಲಸ ಅಂತ ನನಗೆ ಯಾರೂ ಹೇಳಬೇಕಾಗಲಿಲ್ಲ. ಆ ಪೇಪರನ್ನು ಎರಡನೇ ಸಲ ಬರೆದು ಪಾಸಾದೆ. ಆ ಹಾಳೆ ಇವತ್ತಿಗೂ ನನ್ನ ಮೇಜಿನ ಡ್ರಾದಲ್ಲಿದೆ.

ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರಿಗೆ ದೊಡ್ಡ ನಮಸ್ಕಾರ. ತರಗತಿಯಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದ ನಮ್ಮಂಥವರಿಗೆ ಅವರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಕಥೆ ಹೇಳಿದರು. ಆಗ ರಾವ್ ಇನ್ನೂ ಇಪ್ಪತ್ತರ ಹರೆಯದ ಮೇಷ್ಟ್ರು. ತುಂಬಾ ದೊಡ್ಡ ಸ್ಯಾಂಪಲ್ ಇದ್ದಾಗ ಒಂದು ಅಂದಾಜು ಎಷ್ಟು ನಿಖರವಾಗಿರಬಹುದು ಅನ್ನೋ ಪಾಠ ಮಾಡುತ್ತಿದ್ದರು. ದಾಂಡೇಕರ್ ಅನ್ನೋ ವಿದ್ಯಾರ್ಥಿ, ಸ್ಯಾಂಪಲ್ ಚಿಕ್ಕದಾದರೆ ಇದನ್ನೇ ಯಾಕೆ ಸಾಧಿಸಬಾರದು ಅಂತ ಕೇಳಿದರು. ರಾವ್ ಮನೆಗೆ ಹೋಗಿ ರಾತ್ರಿ ಕೂತು ಅದನ್ನು ಬಿಡಿಸಿದರು. 1945ರಲ್ಲಿ ಪ್ರಕಟವಾದ ಆ ಫಲಿತಾಂಶವನ್ನೇ ಇವತ್ತು ಕ್ರಾಮರ್-ರಾವ್ ಮಿತಿ ಅಂತ ನಾವು ಓದುವುದು. ‘ಕೇಳಿದ್ದು ವಿದ್ಯಾರ್ಥಿ. ಅದಕ್ಕೇ ನೀವೂ ಕೇಳಿ’ ಅಂದರು ಮೇಷ್ಟ್ರು. ಅವತ್ತಿನಿಂದ ನಾನು ಕೈ ಎತ್ತಲು ಶುರು ಮಾಡಿದೆ.

ಎರಡನೇ ಸೆಮಿಸ್ಟರ್‌ನ ಗ್ರೂಪ್ ಪ್ರಾಜೆಕ್ಟಿನಲ್ಲಿ ನಾವು ನಾಲ್ಕು ಜನ. ಒಂದು ವೆಬ್‌ಸೈಟಿನ ಲಾಗ್ ಡೇಟಾ, ಅಂದರೆ ಅಲ್ಲಿಗೆ ಬಂದುಹೋದವರ ದಾಖಲೆ ಕೊಟ್ಟಿದ್ದರು. ಅದನ್ನು ಬಳಕೆದಾರರ ಪಟ್ಟಿಯ ಜೊತೆ ಸ್ಪಾರ್ಕ್‌ನಲ್ಲಿ ಜಾಯಿನ್ ಮಾಡಬೇಕಿತ್ತು, ಅಂದರೆ ಐಡಿ ನೋಡಿ ಸಾಲಿಗೆ ಸಾಲು ಜೋಡಿಸಬೇಕಿತ್ತು. ಸ್ಪಾರ್ಕ್ ಅಂದರೆ ದೊಡ್ಡ ಡೇಟಾದ ಕೆಲಸವನ್ನು ತುಂಡು ಮಾಡಿ ಹಲವು ಕಂಪ್ಯೂಟರ್‌ಗಳಿಗೆ ಹಂಚುವ ಸಾಫ್ಟ್‌ವೇರ್. ಆ ಒಂದೊಂದು ತುಂಡೂ ಒಂದು ಟಾಸ್ಕ್. ಲ್ಯಾಬಿನ ಕಂಪ್ಯೂಟರ್‌ಗಳ ಗುಂಪಿನಲ್ಲಿ (ಕ್ಲಸ್ಟರ್) ಇದ್ದದ್ದು ಅದರ ಹಳೆಯ ವರ್ಷನ್. ಸಂಜೆ ಜಾಬ್ ಹಾಕಿದೆವು. ಪರದೆಯ ಮೇಲೆ ಟಾಸ್ಕ್‌ಗಳ ಎಣಿಕೆ ಸರಸರ ಏರಿತು. 200ರಲ್ಲಿ 199 ಮುಗಿಯಿತು. ಅಲ್ಲೇ ನಿಂತಿತು. ಒಂದು ಗಂಟೆ, ಎರಡು ಗಂಟೆ, ಆ ಕೊನೆಯ ಒಂದು ಮುಗಿಯಲೇ ಇಲ್ಲ. ಮೆಮೊರಿ ಸಾಲದೆ ಜಾಬ್ ಬಿತ್ತು. ಮತ್ತೆ ಹಾಕಿದೆವು. ಮತ್ತೆ 199.

ರಾತ್ರಿ 11 ಗಂಟೆಗೆ ಆ ಹುಡುಗನೇ ಫೋನ್ ಎತ್ತಿದ. ನಾನು ವೋಚರ್ ಲೆಕ್ಕದಲ್ಲಿ ವಿವರಿಸಿದೆ, ನನಗೆ ಬರುವ ಭಾಷೆ ಅದೇ ಅಲ್ವಾ. ರಾಶಿ ವೋಚರ್‌ಗಳನ್ನು ಹತ್ತು ಜನಕ್ಕೆ ಹಂಚುತ್ತೇವೆ. ಒಂದೇ ಹೆಸರಿನವೆಲ್ಲ ಒಬ್ಬರ ಮೇಜಿಗೆ ಬರಬೇಕು, ಆಗಲೇ ಕೂಡೋಕೆ ಆಗೋದು. ಸ್ಪಾರ್ಕ್‌ನಲ್ಲಿ ‘ಶಫಲ್’ ಅನ್ನೋದು ಇದನ್ನೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಕ್ಕಾ, ನಿಮ್ಮ ಆಫೀಸಲ್ಲಿ ಹೆಸರೇ ಬರೆಯದ ವೋಚರ್ ಬಂದ್ರೆ ಯಾರ ಮೇಜಿಗೆ ಹಾಕ್ತೀರಿ?’ ಅಂದ.

ನನಗೆ ಮೈ ಜುಮ್ಮೆಂದಿತು. ಯಾರ ಮೇಜಿಗೂ ಹಾಕುವುದಿಲ್ಲ. ಸಸ್ಪೆನ್ಸ್ ಅಕೌಂಟ್ ಅಂತ ಬೇರೆ ಇಡುತ್ತೇವೆ. ಇಲ್ಲಿ ನಾವು ಬೇರೆ ಇಟ್ಟಿರಲಿಲ್ಲ. ಲಾಗಿನ್ ಆಗದೆ ಬಂದವರ ಐಡಿ ಖಾಲಿ. ಡೇಟಾದಲ್ಲಿ ಅವರೇ ಜಾಸ್ತಿ. ಪಟ್ಟಿಯಲ್ಲಿ ಜೋಡಿ ಸಿಗದ ಲಾಗ್ ಸಾಲುಗಳನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಮಾಡಿದಾಗ ಖಾಲಿ ಐಡಿಯ ಸಾಲುಗಳೆಲ್ಲ ಒಂದೇ ಟಾಸ್ಕಿನ ತಲೆ ಮೇಲೆ ಬಿದ್ದಿದ್ದವು. ಅವನ್ನು ಪಕ್ಕಕ್ಕೆ ಎತ್ತಿಟ್ಟು, ಐಡಿ ಇರುವವನ್ನಷ್ಟೇ ಜಾಯಿನ್ ಮಾಡಿ, ಕೊನೆಗೆ ಎರಡನ್ನೂ ಸೇರಿಸಿದೆವು. ಆರು ನಿಮಿಷದಲ್ಲಿ ಮುಗಿಯಿತು. 14 ವರ್ಷದ ಅಕೌಂಟ್ಸ್ ಕೆಲಸ ಈ ಓದಿಗೆ ಉಪಯೋಗಕ್ಕೆ ಬರುವುದಿಲ್ಲ ಅಂತ ಅಲ್ಲಿಯವರೆಗೆ ನಂಬಿದ್ದೆ. ಆ ನಂಬಿಕೆ ಬಿಡಿಸಿದ್ದಕ್ಕೆ ನಿನಗೆ ಎಷ್ಟು ಹೇಳಿದರೂ ಕಡಿಮೆಯೇ ತಮ್ಮಾ.

ಇನ್ನು ನನ್ನ ಗೈಡ್ ಮೇಡಂ. ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಸಕ್ಕರೆ ಕಾಯಿಲೆಯವರ ಆಸ್ಪತ್ರೆ ದಾಖಲೆ. ಅಮೆರಿಕದ 130 ಆಸ್ಪತ್ರೆಗಳದ್ದು, 1999ರಿಂದ 2008ರವರೆಗಿನದು. ಈ ವಿಷಯ ಓದುವ ಬಹಳ ಜನ ಬಳಸುವ ಮುಕ್ತ ಡೇಟಾ. ಒಟ್ಟು 1,01,766 ಸಾಲು, ಒಂದೊಂದು ಸಾಲೂ ಒಂದು ಸಲದ ದಾಖಲಾತಿ. ಬಿಡುಗಡೆಯಾದ 30 ದಿನದೊಳಗೆ ರೋಗಿ ಮತ್ತೆ ದಾಖಲಾಗುತ್ತಾರಾ ಅಂತ ಮೊದಲೇ ಹೇಳಬೇಕು. ಹಾಗೆ ಮರಳಿದ್ದು 11,357 ಸಲ. ಅಂದರೆ ನೂರಕ್ಕೆ 11. ‘ಯಾರೂ ವಾಪಸ್ ಬರಲ್ಲ’ ಅಂತ ಕಣ್ಣು ಮುಚ್ಚಿ ಹೇಳಿದರೂ ನೂರಕ್ಕೆ 89 ಸಲ ಸರಿ ಬರುತ್ತದೆ, ಉಪಯೋಗ ಮಾತ್ರ ಸೊನ್ನೆ. ಅದಕ್ಕೇ ಮರಳಿ ಬಂದವರ ಸಾಲುಗಳನ್ನು ನಕಲು ಮಾಡಿ ಹೆಚ್ಚಿಸಿ, ಎರಡೂ ಕಡೆ ಸಮ ಮಾಡಿ ಮಾಡೆಲ್‌ಗೆ, ಅಂದರೆ ಊಹೆ ಹೇಳುವ ಪ್ರೋಗ್ರಾಮಿಗೆ ಕಲಿಸಿದೆ. ಎಯುಸಿ ಅನ್ನೋ ಅಳತೆಯಲ್ಲಿ 0.94 ಬಂತು. ನಾಣ್ಯ ಚಿಮ್ಮಿ ಹೇಳಿದರೆ 0.5, ಒಂದೂ ತಪ್ಪದಿದ್ದರೆ 1. ಹಾಗಾಗಿ 0.94 ಅಂದರೆ ನನಗೆ ಹಬ್ಬ.

ಮೇಡಂ ರಿಪೋರ್ಟ್ ಓದಿ ಒಂದೇ ಮಾತು ಕೇಳಿದರು. ‘ನಕಲು ಮಾಡಿದ್ದು ಡೇಟಾನ ಟ್ರೇನ್, ಟೆಸ್ಟ್ ಅಂತ ಭಾಗ ಮಾಡುವ ಮೊದಲಾ, ಆಮೇಲಾ?’

ಮೊದಲು. ಉತ್ತರ ಬಾಯಿಗೆ ಬರುವಷ್ಟರಲ್ಲೇ ನನಗೆ ಗೊತ್ತಾಯಿತು. ಒಂದೇ ಸಾಲಿನ ಒಂದು ನಕಲು ಕಲಿಸುವ ಕಡೆ, ಇನ್ನೊಂದು ಪರೀಕ್ಷೆಯ ಕಡೆ. ಹಿಂದಿನ ರಾತ್ರಿಯೇ ಉತ್ತರ ಸಮೇತ ಪ್ರಶ್ನೆಪತ್ರಿಕೆ ನೋಡಿ ಬಂದ ಹಾಗೆ. ಅದೂ ಅಲ್ಲದೆ ಈ ಸಾಲುಗಳ ಹಿಂದೆ ಇರುವ ರೋಗಿಗಳು 71,518 ಜನ ಮಾತ್ರ. ಒಬ್ಬರೇ ಹಲವು ಸಲ ಬಂದಿದ್ದಾರೆ, ಅವರೂ ಎರಡೂ ಕಡೆ ಹಂಚಿಹೋಗಿದ್ದರು. ರೋಗಿಯ ಲೆಕ್ಕದಲ್ಲಿ ಭಾಗ ಮಾಡಿ, ಟ್ರೇನ್ ಕಡೆ ಮಾತ್ರ ಸಮ ಮಾಡಿ, ಮೊದಲಿನಿಂದ ಶುರು ಮಾಡಿದೆ. 0.64ಕ್ಕೆ ಇಳಿಯಿತು. ಮೂರು ತಿಂಗಳ ಕೆಲಸ ಅದು. ಅಳು ಬಂತು. ಮೇಡಂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ‘ಇದು ನಿಮ್ಮ ನಿಜವಾದ ಅಂಕಿ. ಇದನ್ನ ನಾನು ಯಾರ ಮುಂದೆ ಬೇಕಾದರೂ ಧೈರ್ಯವಾಗಿ ಇಡ್ತೀನಿ’ ಅಂದರು. ಮೇಡಂ, 0.94 ಅನ್ನೇ ಇಟ್ಟುಕೊಂಡಿದ್ದರೆ ನನಗೆ ಮಾರ್ಕ್ಸ್ ಬರುತ್ತಿತ್ತೇನೋ, ಈ ವಿದ್ಯೆ ಬರುತ್ತಿರಲಿಲ್ಲ.

ನಮ್ಮ ಅಕ್ಕ ನರ್ಸ್. 20 ವರ್ಷ ವಾರ್ಡಿನಲ್ಲಿ ದುಡಿದವಳು. ಒಂದು ಭಾನುವಾರ ಪಕ್ಕದಲ್ಲಿ ಕೂತು ನನ್ನ ಪರದೆ ನೋಡುತ್ತಿದ್ದಳು. ಬಿಡುಗಡೆಯ ಕಾಲಂ ಮೇಲೆ ಬೆರಳಿಟ್ಟು ‘ಈ 11 ಅಂದ್ರೇನು?’ ಅಂದಳು. ಕೋಡ್ ಪಟ್ಟಿ ತೆಗೆದು ನೋಡಿದೆ. 11 ಅಂದರೆ ಆಸ್ಪತ್ರೆಯಲ್ಲೇ ತೀರಿಕೊಂಡವರು. ಅಕ್ಕನ ಮುಖ ಸಪ್ಪಗಾಯಿತು. ‘ಇವರು ಹೇಗೆ ವಾಪಸ್ ಬರ್ತಾರೆ? ಇವರನ್ನ ಯಾಕೆ ಲೆಕ್ಕಕ್ಕೆ ತಗೊಂಡೆ?’

ಮಾಡೆಲ್ ಆ 11 ನೋಡಿ ‘ಈ ರೋಗಿ ಮರಳುವುದಿಲ್ಲ, ಆರೋಗ್ಯವಾಗಿದ್ದಾರೆ’ ಅನ್ನುವವರ ಗುಂಪಿಗೆ ಸೇರಿಸುತ್ತಿತ್ತು. ತಿಂಗಳುಗಟ್ಟಲೆ ಆ ಕಾಲಂ ನೋಡಿದ್ದೆ, ಅದು ಬರೀ ಒಂದು ಸಂಖ್ಯೆಯಾಗಿ ಕಂಡಿತ್ತು. ತೀರಿಕೊಂಡವರ ಮತ್ತು ಕೊನೆಗಾಲದ ಆರೈಕೆಗೆ ಹೋದವರ ಸಾಲುಗಳನ್ನೆಲ್ಲ ಅವತ್ತೇ ಬೇರೆ ಮಾಡಿದೆ. ತೂಕದ ಕಾಲಂ ನೂರಕ್ಕೆ 97ರಷ್ಟು ಖಾಲಿ ಇತ್ತು. ಅದಕ್ಕೂ ಅಕ್ಕನೇ, ‘ಸ್ಟ್ರೆಚರ್ ಮೇಲೆ ಬಂದವರನ್ನ ಎಬ್ಬಿಸಿ ತೂಕ ನೋಡೋಕಾಗುತ್ತಾ?’ ಅಂದಳು. ನನ್ನ ಥೀಸಿಸ್‌ನಲ್ಲಿ ಡೇಟಾ ಶುಚಿ ಮಾಡುವ ಅಧ್ಯಾಯ ಚೆನ್ನಾಗಿದೆ ಅಂತ ಪರೀಕ್ಷಕರು ಹೊಗಳಿದರು. ಅದರಲ್ಲಿ ಅರ್ಧ ನಿನ್ನದು ಅಕ್ಕಾ.

ಇದೇ ಹೊತ್ತಿಗೆ ಅಮ್ಮ ಆಸ್ಪತ್ರೆ ಸೇರಿದರು. ಅವರಿಗೂ ಸಕ್ಕರೆ ಕಾಯಿಲೆ. 11 ದಿನ ಇದ್ದು ಮನೆಗೆ ಬಂದರು. ಹಳೆಯ ಮಾತ್ರೆ ನಿಲ್ಲಿಸಿ ಹೊಸದನ್ನು ಕೊಡಬೇಕು ಅಂತ ಚೀಟಿಯಲ್ಲಿತ್ತು. ನಾವು ಸರಿಯಾಗಿ ನೋಡದೆ ಎರಡನ್ನೂ ಕೊಟ್ಟೆವು. 18ನೇ ದಿನ ಸಕ್ಕರೆ ಅಂಶ ತೀರಾ ಇಳಿದು ಮತ್ತೆ ದಾಖಲಾದರು. ನಾನು ತಿಂಗಳುಗಟ್ಟಲೆ ಓದುತ್ತಿದ್ದದ್ದೇ ಇದು. ನನ್ನ ಕೈಯಲ್ಲೇ ಆಯಿತು.

ಆ ರಾತ್ರಿ ಮಂಚದ ಪಕ್ಕ ಲ್ಯಾಪ್‌ಟಾಪ್ ಮುಚ್ಚಿಟ್ಟು ಕೂತಿದ್ದೆ. ಅಮ್ಮನೇ ಮಾತು ತೆಗೆದರು. ‘ನಿನ್ನ ಲೆಕ್ಕದಲ್ಲಿ ನನ್ನ ಹಾಗೆ ತಿಂಗಳೊಳಗೆ ವಾಪಸ್ ಬಂದೋರು ಎಷ್ಟಮ್ಮ?’ 11,000ಕ್ಕೂ ಜಾಸ್ತಿ ಸಲ ಹೀಗಾಗಿದೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, ‘ಅವರಿಗೆಲ್ಲ ಮಾತ್ರೆ ಕೊಡೋಕೆ ಮನೇಲಿ ಯಾರಿದ್ರಂತೆ?’

ಆ ಕಾಲಂ ನನ್ನ ಡೇಟಾದಲ್ಲಿ ಇರಲಿಲ್ಲ. 50 ಕಾಲಂಗಳಲ್ಲಿ ಎಷ್ಟು ಔಷಧಿ, ಎಷ್ಟು ಪರೀಕ್ಷೆ, ಎಷ್ಟು ದಿನ, ಎಲ್ಲ ಇತ್ತು. ಮನೆಯಲ್ಲಿ ಯಾರಿದ್ದಾರೆ, ಚೀಟಿ ಓದಿ ಹೇಳುವವರು ಯಾರು, ಅದು ಇರಲಿಲ್ಲ. 0.64ರಿಂದ ಮೇಲೆ ಹೋಗಲು ಯಾಕೆ ಅಷ್ಟು ಕಷ್ಟ ಅನ್ನೋದಕ್ಕೆ ನನಗೆ ಒಂದು ಕಾರಣವಾದರೂ ಸಿಕ್ಕಿತು. ಥೀಸಿಸ್‌ನ ಕೊನೆಯ ಅಧ್ಯಾಯ ಬರೆದದ್ದು ಅದರ ಮೇಲೆಯೇ. ಅಮ್ಮ ಈಗ ಆರಾಮಾಗಿದ್ದಾರೆ. ಮಾತ್ರೆ ಡಬ್ಬಿಯ ಮೇಲೆ ನನ್ನ ಕೈಬರಹದ ಚೀಟಿ ಅಂಟಿದೆ.

ನನ್ನವರಿಗೆ ಏನು ಹೇಳಲಿ? ಮೂರು ವರ್ಷ ಭಾನುವಾರಗಳನ್ನು ಕೇಳದೇ ಕೊಟ್ಟರು. ಮಗಳು ಸಂಜೆ ತನ್ನ ಹೋಂವರ್ಕ್ ತಂದು ನನ್ನ ಪಕ್ಕ ಕೂತಳು, ಇಬ್ಬರೂ ಸೇರಿ ಓದಿದೆವು. ಆಫೀಸಿನಲ್ಲಿ ಮ್ಯಾನೇಜರ್ ಪರೀಕ್ಷೆ ಬಂದಾಗಲೆಲ್ಲ ತಿಂಗಳ ಕೊನೆಯ ಕ್ಲೋಸಿಂಗ್ ಕೆಲಸವನ್ನು ಬೇರೆಯವರಿಗೆ ಹಂಚಿದರು, ಆ ಬೇರೆಯವರು ಒಂದು ದಿನವೂ ಮುಖ ಗಂಟಿಕ್ಕಲಿಲ್ಲ.

ಕಂಡೇ ಇರದವರಿಗೂ ಋಣಿ. ದೊಡ್ಡ ಡೇಟಾವನ್ನು ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿ ಇಡುವ ಸಾಫ್ಟ್‌ವೇರ್ ಹಡೂಪ್, ಡಗ್ ಕಟಿಂಗ್ ಮತ್ತು ಮೈಕ್ ಕಾಫರೆಲ್ಲಾ ಶುರು ಮಾಡಿದ್ದು, ಕಟಿಂಗ್ ಅವರ ಮಗನ ಹಳದಿ ಆಟಿಕೆ ಆನೆಯ ಹೆಸರು ಹೊತ್ತದ್ದು. 2009ರಲ್ಲಿ ಮತೇಯ್ ಜಹಾರಿಯಾ ತಾವು ವಿದ್ಯಾರ್ಥಿಯಾಗಿದ್ದಾಗಲೇ ಆರಂಭಿಸಿದ ಸ್ಪಾರ್ಕ್. ಇವನ್ನೆಲ್ಲ ಯಾರು ಬೇಕಾದರೂ ದುಡ್ಡು ಕೊಡದೆ ಬಳಸಲಿ ಅಂತ ಬಿಟ್ಟುಕೊಟ್ಟರು. ಹಾಗಿಲ್ಲದಿದ್ದರೆ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಕೂತು ನಾನು ಇದನ್ನೆಲ್ಲ ಕಲಿಯುವ ಮಾತೇ ಇರಲಿಲ್ಲ.

ಮತ್ತೆ ಆ 71,518 ಜನ. ಹೆಸರು ಅಳಿಸಿ, ವಯಸ್ಸನ್ನೂ ಹತ್ತು ಹತ್ತು ವರ್ಷದ ಗುಂಪಾಗಿ ಮಾಡಿ ಕೊಟ್ಟಿದ್ದಾರೆ. ಅವರು ಯಾರು ಅಂತ ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಥೀಸಿಸ್‌ನ ಮೊದಲ ಪುಟದಲ್ಲಿ ಅವರಿಗೇ ನಮಸ್ಕಾರ ಬರೆದಿದ್ದೇನೆ, ಆಮೇಲೆ ಅಮ್ಮನಿಗೆ.

ಈ ಕೋರ್ಸಿಗೆ ಈಗ ಸೇರಿರುವವರು, ಪೇಪರ್ ಹೋಗಿ ಬಿಟ್ಟುಬಿಡೋಣ ಅಂತ ಕೂತಿರುವವರು ಇದನ್ನು ಓದುತ್ತಿದ್ದರೆ, ನನ್ನ ಟಿಪ್ಪಣಿ, ಕೋಡ್ ಎಲ್ಲ ಕೊಡುತ್ತೇನೆ, ಸಂಕೋಚ ಬೇಡ, ಸುಮ್ನೆ ಕೇಳಿ. ರಾತ್ರಿ 11 ಗಂಟೆಗೆ ಜಾಬ್ 199ರಲ್ಲಿ ನಿಂತರೂ ಫೋನ್ ಎತ್ತುತ್ತೇನೆ.