ಮುಂದಿನ ಆವೃತ್ತಿಯಲ್ಲಿ ರೆಡಿನೆಸ್ ಚೆಕ್: ಅಪ್‌ಡೇಟ್‌ಗೆ ಮುನ್ನ ಒಮ್ಮೆ ಓದಿ

ಪ್ರಿಯ ಗ್ರಾಹಕರೇ,

ನಮ್ಮ ಸರ್ವರ್‌ನ ಮುಂದಿನ ಆವೃತ್ತಿಯಲ್ಲಿ ರೆಡಿನೆಸ್ ಚೆಕ್, ಅಂದರೆ ಸರ್ವರ್ ಬಳಕೆದಾರರಿಗೆ ಉತ್ತರಿಸಲು ಸಿದ್ಧವೇ ಎಂಬ ಪರೀಕ್ಷೆ, ಬರುತ್ತಿದೆ. ಅದಕ್ಕಾಗಿ ನಿಮ್ಮ ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಬೇಕಾಗುತ್ತದೆ.

ಸರ್ವರ್ ಸ್ಥಿತಿ ಕೇಳಲು ಈಗ ಇರುವುದು 'ಹೆಲ್ತ್' ವಿಳಾಸ ಒಂದೇ. ಪ್ರೋಸೆಸ್ ಶುರುವಾಗಿ ಪೋರ್ಟ್ ತೆರೆದರೆ ಸಾಕು, ಅದು 200 (ಎಲ್ಲ ಸರಿ ಎಂಬ ಕೋಡ್) ಅನ್ನುತ್ತದೆ. ಆದರೆ ನಿಜವಾದ ಕೆಲಸ ಮಾಡುವುದು ಪ್ಲಗಿನ್‌ಗಳು, ಅಲ್ವಾ? ಲಾಗಿನ್ ಪ್ಲಗಿನ್ ಇನ್ನೂ ಕೀಗಳನ್ನು ತರಿಸಿಕೊಳ್ಳುತ್ತಿರುತ್ತದೆ. ಸರ್ಚ್ ಪ್ಲಗಿನ್ ಇಂಡೆಕ್ಸ್ ಅನ್ನು ಮೆಮೊರಿಗೆ ತುಂಬಿಸುತ್ತಿರುತ್ತದೆ. ಅಷ್ಟರಲ್ಲೇ ಬಳಕೆದಾರರನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಆ 200 ನೋಡಿ ಬಳಕೆದಾರರನ್ನು ಒಳಗೆ ಕಳಿಸಿಬಿಡುತ್ತದೆ. ಮೊದಲು ಬಂದವರಿಗೆಲ್ಲ ಎರರ್ ಸಿಗುತ್ತದೆ.

ಇನ್ನು ಮುಂದೆ 'ರೆಡಿ' ಎಂಬ ಇನ್ನೊಂದು ವಿಳಾಸ ಇರುತ್ತದೆ. ತಾನು ಸಿದ್ಧವೋ ಅಲ್ಲವೋ ಅಂತ ಪ್ರತಿ ಪ್ಲಗಿನ್ ತಾನೇ ಹೇಳುತ್ತದೆ. ನೀವು ಕಾನ್ಫಿಗ್ ಫೈಲ್‌ನಲ್ಲಿ ಕಡ್ಡಾಯ ಎಂದು ಗುರುತಿಸಿದ ಪ್ಲಗಿನ್‌ಗಳೆಲ್ಲ ಸಿದ್ಧವಾದರೆ 200, ಒಂದು ಬಾಕಿ ಇದ್ದರೂ 503 (ಸದ್ಯ ಸೇವೆ ಲಭ್ಯವಿಲ್ಲ ಎಂಬ ಕೋಡ್). ಜೊತೆಗೆ ಕಾರಣವೂ ಬರುತ್ತದೆ: 'ಸರ್ಚ್: ಇಂಡೆಕ್ಸ್ ಲೋಡ್ ಆಗುತ್ತಿದೆ.' ರಾತ್ರಿ ಹೊತ್ತು ಅಲರ್ಟ್ ಬಂದಾಗ ಲಾಗ್ ಜಾಲಾಡುವ ಮೊದಲೇ ಯಾವ ಪ್ಲಗಿನ್ ಅಂತ ಗೊತ್ತಾಗಲಿ ಎಂಬುದು ನಮ್ಮ ಆಸೆ.

ಒಂದು ಮಾತು ದಯವಿಟ್ಟು ಗಮನಿಸಿ. ಕುಬರ್ನೆಟೀಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಬಳಸುವವರು 'ರೆಡಿ' ವಿಳಾಸವನ್ನು ಅದರ ರೆಡಿನೆಸ್ ಪ್ರೋಬ್‌ಗೆ (ಆಗಾಗ ನಡೆಯುವ ತಪಾಸಣೆಗೆ) ಮಾತ್ರ ಕೊಡಿ. ಪ್ರೋಸೆಸ್ ಬದುಕಿದೆಯೇ ಎಂದು ನೋಡುವ ಲೈವ್‌ನೆಸ್ ಪ್ರೋಬ್ 'ಹೆಲ್ತ್' ಮೇಲೇ ಇರಲಿ. ರೆಡಿನೆಸ್ ಫೇಲ್ ಆದರೆ ಟ್ರಾಫಿಕ್ ಮಾತ್ರ ನಿಲ್ಲುತ್ತದೆ. ಲೈವ್‌ನೆಸ್ ಫೇಲ್ ಆದರೆ ಕಂಟೇನರೇ ರೀಸ್ಟಾರ್ಟ್ ಆಗುತ್ತದೆ. ನೀವೇನೂ ಬದಲಿಸದಿದ್ದರೆ ಪ್ರೋಬ್ 10 ಸೆಕೆಂಡಿಗೊಮ್ಮೆ ಓಡುತ್ತದೆ, ಸತತ 3 ಸಲ ಫೇಲ್ ಆದರೆ ಕ್ರಮ ಕೈಗೊಳ್ಳುತ್ತದೆ. ನಿಮ್ಮ ಇಂಡೆಕ್ಸ್ ತುಂಬಲು ಒಂದು ನಿಮಿಷ ಬೇಕು ಅಂದುಕೊಳ್ಳಿ. ಲೈವ್‌ನೆಸ್‌ಗೆ 'ರೆಡಿ' ಕೊಟ್ಟಿದ್ದರೆ ಅರ್ಧದಲ್ಲೇ ರೀಸ್ಟಾರ್ಟ್, ಮತ್ತೆ ಮೊದಲಿಂದ ಲೋಡ್, ಮತ್ತೆ ರೀಸ್ಟಾರ್ಟ್. ಸರ್ವರ್ ಯಾವತ್ತೂ ಮೇಲೇಳುವುದಿಲ್ಲ.

ಪ್ಲಗಿನ್ ಬರೆಯುವವರಿಗೂ ಒಂದು ಕೋರಿಕೆ. ಎಲ್ಲ ಸರ್ವರ್‌ಗಳೂ ಹಂಚಿಕೊಂಡಿರುವ ಡೇಟಾಬೇಸ್ ಅನ್ನು ರೆಡಿನೆಸ್ ಚೆಕ್‌ಗೆ ಸೇರಿಸುವ ಮುನ್ನ ಯೋಚಿಸಿ. ಡೇಟಾಬೇಸ್ ಸ್ವಲ್ಪ ತಡವರಿಸಿದರೂ ಸರ್ವರ್‌ಗಳೆಲ್ಲ ಒಟ್ಟಿಗೇ 503 ಅನ್ನುತ್ತವೆ, ಆಗ ಬಳಕೆದಾರರಿಗೆ ಉತ್ತರಿಸಲು ಒಂದೂ ಉಳಿಯುವುದಿಲ್ಲ. ನಿಮ್ಮ ಪ್ಲಗಿನ್‌ನದೇ ತಯಾರಿ ಮುಗಿದಿದೆಯೇ ಅಂತಷ್ಟೇ ಹೇಳಿದರೆ ಸಾಕು. ಚೆಕ್ ಇಲ್ಲದ ಹಳೆಯ ಪ್ಲಗಿನ್‌ಗಳು ಲೋಡ್ ಆದ ಕೂಡಲೇ ಸಿದ್ಧ ಎಂದೇ ಲೆಕ್ಕ, ಅವುಗಳನ್ನು ಈಗಲೇ ತಿದ್ದಬೇಕಿಲ್ಲ.

ಸರ್ವರ್ ನಿಲ್ಲಿಸುವಾಗಲೂ ಇದು ನೆರವಿಗೆ ಬರುತ್ತದೆ. ಮೊದಲು 'ರೆಡಿ' 503 ಆಗುತ್ತದೆ, ಕೈಯಲ್ಲಿರುವ ರಿಕ್ವೆಸ್ಟ್‌ಗಳು ಮುಗಿಯುತ್ತವೆ, ಆಮೇಲೆ ಪ್ಲಗಿನ್‌ಗಳು ಇಳಿಯುತ್ತವೆ.

ಯಾವ ಪ್ಲಗಿನ್ ಕಡ್ಡಾಯ ಅಂತ ತೀರ್ಮಾನಿಸಲು ಗೊಂದಲವಾದರೆ ನಿಮ್ಮ ಪ್ಲಗಿನ್ ಪಟ್ಟಿಯನ್ನೂ ಪ್ರೋಬ್ ಸೆಟ್ಟಿಂಗನ್ನೂ ಈ ಪತ್ರಕ್ಕೆ ಉತ್ತರವಾಗಿ ಕಳಿಸಿ. ನಾವು ಕೂತು ನೋಡಿ ಹೇಳುತ್ತೇವೆ.

ಇಂತಿ,
ನಿಮ್ಮ ಸರ್ವರ್ ತಂಡ