ಚೆನ್ನೈಗೆ ಮನೆ ಸಾಗಿಸುವ ಮುಂಚೆ: ಮಗಳಿಗೊಂದು ಪತ್ರ

ಮಂಡ್ಯ
ಫೆಬ್ರವರಿ ತಿಂಗಳು

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಖರ್ಚಿನ ಪಟ್ಟಿ ನೋಡಿದೆ. ಲಾರಿ, ಪ್ಯಾಕಿಂಗ್, ಹಮಾಲಿ, ರೈಲು ಟಿಕೆಟ್, ಎಲ್ಲ ಚೆನ್ನಾಗಿ ಬರೆದಿದ್ದೀಯ. ಆದರೆ ಸಾಮಾನು ಚೆನ್ನೈ ಮನೆ ಬಾಗಿಲಲ್ಲಿ ಇಳಿದ ತಕ್ಷಣ ನಿನ್ನ ಪಟ್ಟಿಯೂ ಮುಗಿದುಹೋಗುತ್ತದೆ. ದುಡ್ಡು ಜಾಸ್ತಿ ಹೋಗುವುದು ಅಲ್ಲಿಂದಾಚೆಗೆ. ಅಲ್ಲಿಯ ಮೊದಲ ಬೇಸಿಗೆ ಕಳೆಯುವವರೆಗೂ ಲೆಕ್ಕ ಹಾಕಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು.

ನನಗೆ ರಾಯಚೂರಿಗೆ ವರ್ಗವಾದಾಗ ನೀನು ಇನ್ನೂ ಚಿಕ್ಕವಳು. ಲಾರಿ ಬಾಡಿಗೆಯನ್ನು ಬ್ಯಾಂಕು ಕೊಟ್ಟಿತು. ಕೂಲರ್, ಕಿಟಕಿಗೆ ಲಾವಂಚದ ಪರದೆ, ನೀರು ತುಂಬಿಡಲು ಡ್ರಮ್ಮು, ನಿನಗೆ ತೆಳ್ಳನೆ ಹತ್ತಿ ಬಟ್ಟೆ, ನಿನ್ನ ಬೆವರುಸಾಲೆಗೆ ಡಾಕ್ಟರು, ಇದನ್ನೆಲ್ಲ ಯಾರು ಕೊಡುತ್ತಾರೆ? ಆ ಬೇಸಿಗೆಯ ನಮ್ಮ ಸಂಬಳದಲ್ಲಿ ದೊಡ್ಡ ಪಾಲು ತಿಂದದ್ದು ಅದೇ. ಬ್ಯಾಂಕಿನಲ್ಲಿ ಜೊತೆಗಿದ್ದವರೆಲ್ಲ ಇದೇ ಮಾತು ಹೇಳುತ್ತಿದ್ದರು. ಸಾಮಾನು ಸಾಗಿಸುವುದು ಒಂದು ದಿನದ ಖರ್ಚು, ಬಿಸಿಲಿಗೆ ಹೊಂದಿಕೊಳ್ಳುವುದು ಮೂರು ತಿಂಗಳ ಖರ್ಚು.

ಚೆನ್ನೈ ಬಿಸಿಲು ರಾಯಚೂರಿನ ಥರವೂ ಅಲ್ಲ. ರಾಯಚೂರಿನದು ಒಣ ಬಿಸಿಲು, ಅಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಸಮುದ್ರದ ಪಕ್ಕದ ಗಾಳಿಯಲ್ಲಿ ನೀರಿನ ಅಂಶ ಮೊದಲೇ ತುಂಬಿರುತ್ತದೆ. ಅಲ್ಲಿ ಕೂಲರ್ ಹಾಕಿದರೆ ಕೋಣೆ ತಣ್ಣಗಾಗುವುದಿಲ್ಲ, ಇನ್ನೂ ಅಂಟಂಟಾಗುತ್ತದೆ. ಹಾಗಾಗಿ ಮೈಸೂರಿನ ಕುವೆಂಪುನಗರದ ನಿನ್ನ ಮನೆಯಲ್ಲಿರುವ ಕೂಲರನ್ನು ಲಾರಿಗೆ ಹಾಕಬೇಡ. ಮೈಸೂರು ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 770 ಮೀಟರ್ ಮೇಲಿದೆ. ಏಪ್ರಿಲ್‌ನಲ್ಲಿ ಹಗಲು ಎಷ್ಟೇ ಉರಿದರೂ ರಾತ್ರಿ ಕಿಟಕಿ ತೆಗೆದರೆ ನಿದ್ದೆ ಬರುತ್ತದೆ. ಚೆನ್ನೈಯಲ್ಲಿ ಮೇ ತಿಂಗಳ ರಾತ್ರಿಯೂ ಸೆಕೆ ಇಳಿಯುವುದಿಲ್ಲ. 2003ರ ಮೇ ಕೊನೆಯಲ್ಲಿ ಅಲ್ಲಿ 45 ಡಿಗ್ರಿ ಮುಟ್ಟಿತ್ತು. ನಮಗೆ ಭರಣಿ, ಕೃತ್ತಿಕೆ ಮಳೆ ಬೀಳುವ ಹೊತ್ತಿಗೆ ಅವರಿಗೆ ಅಗ್ನಿ ನಕ್ಷತ್ರ, ಅಂದರೆ ಬಿಸಿಲು ತೀರಾ ಉರಿಯುವ ದಿನಗಳು.

ಹಾಗಾಗಿ ಮನೆ ಆರಿಸುವಾಗಲೇ ಬಿಸಿಲಿನ ಖರ್ಚು ಅರ್ಧ ತೀರ್ಮಾನವಾಗುತ್ತದೆ. ತೀರಾ ಮೇಲಿನ ಮಹಡಿಯಲ್ಲಿ ಬಾಡಿಗೆ ಒಂದೆರಡು ಸಾವಿರ ಕಮ್ಮಿ ಅಂತ ಒಪ್ಪಬೇಡ. ತಾರಸಿ ಹಗಲೆಲ್ಲ ಕಾದು ರಾತ್ರಿ ಪೂರ್ತಿ ಆ ಬಿಸಿಯನ್ನು ಒಳಗೆ ಬಿಡುತ್ತದೆ, ಉಳಿಸಿದ ದುಡ್ಡು ಕರೆಂಟ್ ಬಿಲ್ಲಿಗೆ ಹೋಗುತ್ತದೆ. ಮಲಗುವ ಕೋಣೆಯ ಗೋಡೆ ಪಶ್ಚಿಮಕ್ಕೆ ಇರದಂತೆ ನೋಡು. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಬೀಸುತ್ತದಲ್ಲ, ಅದು ಕರಾವಳಿಗೆ ಹತ್ತಿರವಿರುವ ಮನೆಗಳಿಗೆ ಬೇಗ ಸಿಗುತ್ತದೆ. ಆದರೆ ತೀರಾ ದಡದಲ್ಲಿದ್ದರೆ ಉಪ್ಪು ಗಾಳಿಗೆ ಕಬ್ಬಿಣದ ಸಾಮಾನೆಲ್ಲ ಬೇಗ ತುಕ್ಕು ಹಿಡಿಯುತ್ತದೆ. ಪೂರ್ವಕ್ಕೆ ಕಿಟಕಿ ಇರುವ, ಸಮುದ್ರದಿಂದ ಸ್ವಲ್ಪ ಒಳಗಿರುವ, ನಡುವಿನ ಮಹಡಿಯ ಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಹಿಡಿ.

ಕೆಳಮಹಡಿಯೂ ಬೇಡ, ಅದಕ್ಕೆ ಬೇರೆ ಕಾರಣವಿದೆ. ಅಲ್ಲಿ ಮಳೆಗಾಲ ನಮ್ಮ ಥರ ಜೂನ್‌ನಲ್ಲಿ ಅಲ್ಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. 2015ರ ಡಿಸೆಂಬರ್ ಪ್ರವಾಹ ನೆನಪಿದೆ ಅಲ್ವಾ? 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಮತ್ತೆ ಮುಳುಗಿತು. ಅಳಿಯಂದಿರ ಆಫೀಸು ಓಎಂಆರ್ (ಹಳೇ ಮಹಾಬಲಿಪುರಂ ರಸ್ತೆ) ಕಡೆ. ಅದರ ಆಸುಪಾಸಿನಲ್ಲೇ ಪಳ್ಳಿಕರಣೈ ಜೌಗು ಇದೆ, ವೇಳಚೇರಿಯಂಥ ತಗ್ಗು ಜಾಗಗಳಿವೆ. ಮನೆ ನೋಡಲು ಹೋದಾಗ ಬ್ರೋಕರ್ ಮಾತು ಕೇಳಿಕೊಂಡು ಬರಬೇಡಿ. ಬೀದಿಯ ಅಂಗಡಿಯವರನ್ನು, ಇಸ್ತ್ರಿ ಮಾಡುವವರನ್ನು ಕೇಳಿ: 2015ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು, 2023ರಲ್ಲಿ ಎಲ್ಲಿವರೆಗೆ? ಅವರು ಗೋಡೆ ಮುಟ್ಟಿ ತೋರಿಸುತ್ತಾರೆ.

ನೀರಿನ ವಿಷಯ ಮಾತ್ರ ನಾನು ಹಿಡಿದ ಹಿಡಿ ಬಿಡುವುದಿಲ್ಲ. ಕಾವೇರಿ ಬಯಲಿನಲ್ಲಿ ಹುಟ್ಟಿ ಬೆಳೆದ ನಮಗೆ ನಲ್ಲಿಯಲ್ಲಿ ನೀರು ಬರುವುದು ಒಂದು ವಿಷಯವೇ ಅಲ್ಲ. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರು ಕೊಡುವ ಕೆರೆಗಳು ಒಣಗಿ ಜನ ಕೊಡ ಹಿಡಿದು ಟ್ಯಾಂಕರ್ ಹಿಂದೆ ನಿಂತರು. ವೀರಾಣಂ ಕೆರೆಯ ಮೂಲಕ ಅಲ್ಲಿಗೂ ಕಾವೇರಿ ನೀರು ಹೋಗುತ್ತದೆ, ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳೂ ಇವೆ. ಆದರೂ ಓಎಂಆರ್ ಕಡೆ ಬಹಳಷ್ಟು ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್ ನೀರಿನ ಮೇಲೇ ನಡೆಯುತ್ತವೆ. ಅದರ ದುಡ್ಡು ಮೆಂಟೆನೆನ್ಸ್ ಒಳಗೇ ಬರುತ್ತದೋ, ಬೇರೆ ಹಂಚುತ್ತಾರೋ, ಹೋದ ಮೇ ತಿಂಗಳಲ್ಲಿ ಒಂದು ಮನೆಗೆ ಎಷ್ಟು ಬಂತು, ಈ ಮೂರನ್ನೂ ಅಸೋಸಿಯೇಷನ್‌ನವರ ಹತ್ತಿರವೇ ಕೇಳಬೇಕು. ಕುಡಿಯುವ ನೀರಿಗೆ ಕ್ಯಾನ್ ತರಿಸುವ ಖರ್ಚು ಬೇರೆ. ನಿನ್ನ ಪಟ್ಟಿಯಲ್ಲಿ ನೀರು ಅನ್ನುವ ಸಾಲೇ ಇಲ್ಲ. ಮೊದಲು ಅದನ್ನು ಸೇರಿಸು.

ಕರೆಂಟಿನ ಲೆಕ್ಕ ಹೇಳುತ್ತೇನೆ. ಮೈಸೂರಿನಲ್ಲಿ ಗೃಹಜ್ಯೋತಿ ಇರುವುದರಿಂದ ನಿನಗೆ ಸೊನ್ನೆ ಬಿಲ್ ಬರುತ್ತಿದೆ. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್, ಅದರಲ್ಲಿ ಮೊದಲ ಸ್ವಲ್ಪ ಯೂನಿಟ್ ಮಾತ್ರ ಉಚಿತ. 500 ಯೂನಿಟ್ ದಾಟಿದರೆ ದರ ಏರುತ್ತದೆ. ಒಂದೂವರೆ ಟನ್ನಿನ ಎಸಿಗೆ ಗಂಟೆಗೆ ಸುಮಾರು ಒಂದು ಯೂನಿಟ್ ಅಂತ ಇಟ್ಟುಕೋ. ರಾತ್ರಿ 9 ಗಂಟೆ ಓಡಿದರೆ ಎರಡು ತಿಂಗಳಿಗೆ 540 ಯೂನಿಟ್. ಫ್ರಿಡ್ಜು, ಫ್ಯಾನು, ವಾಷಿಂಗ್ ಮೆಷಿನ್ ಆಮೇಲೆ. ಅಂದರೆ ಒಂದು ಎಸಿಯಿಂದಲೇ ಮೇಲಿನ ದರಕ್ಕೆ ಹೋಗುತ್ತೀರಿ. ಮೊದಲ ವರ್ಷ ಒಂದೇ ಎಸಿ ಸಾಕು, ಮೂವರೂ ಒಂದೇ ಕೋಣೆಯಲ್ಲಿ ಮಲಗಿ. ಎಸಿ ಇಲ್ಲಿ ಕೊಳ್ಳಬೇಡ, ಅಲ್ಲೇ ತಗೋ. ತಾಮ್ರದ ಕಾಯಿಲ್ ಇರುವ, ತುಕ್ಕು ತಡೆಯುವ ಲೇಪ ಇರುವುದನ್ನು ಕೇಳಿ ತಗೋ. ಮೇ ಬಂದರೆ ಫಿಟ್ ಮಾಡುವವರನ್ನು ಹಿಡಿಯುವುದೇ ಕಷ್ಟ. ಮನೆಗೆ ಸ್ವಂತ ಮೀಟರ್ ಇದೆಯೇ, ಮಾಲೀಕರು ತಾವೇ ಯೂನಿಟ್ಟಿಗೆ ಇಷ್ಟು ಅಂತ ವಸೂಲಿ ಮಾಡುತ್ತಾರೆಯೇ ಅಂತಲೂ ಕೇಳು. ಮೈಸೂರಿನ ಮನೆ ಬಿಡುವಾಗ ಆಧಾರ್ ಜೊತೆಗಿರುವ ಗೃಹಜ್ಯೋತಿ ಜೋಡಣೆಯನ್ನು ತೆಗೆಸಿಬಿಡು, ಇಲ್ಲದಿದ್ದರೆ ಮುಂದೆ ಬರುವ ಬಾಡಿಗೆಯವರಿಗೆ ತೊಂದರೆ.

ಈಗ ಬಜೆಟ್. ನೀನು ಖರ್ಚನ್ನು ಬಾಬ್ತಿನ ಪ್ರಕಾರ ಬರೆದಿದ್ದೀಯ. ಅದನ್ನು ತಾರೀಖಿನ ಪ್ರಕಾರ ಬರೆ. ಯಾವ ದಿನ ಕೈಯಿಂದ ಎಷ್ಟು ಹೋಗುತ್ತದೆ, ಯಾವ ದಿನ ಎಷ್ಟು ಬರುತ್ತದೆ ಅನ್ನುವುದು ಕಣ್ಣಿಗೆ ಕಾಣಬೇಕು. ನೀವು ನೋಡಿರುವ ಮನೆಯ ಬಾಡಿಗೆ 24,000. ತಮಿಳುನಾಡಿನ ಈಗಿನ ಬಾಡಿಗೆ ಕಾಯ್ದೆ ಡೆಪಾಸಿಟ್ಟಿಗೆ ಮೂರು ತಿಂಗಳ ಬಾಡಿಗೆಯ ಮಿತಿ ಹಾಕಿದೆ. ಇಬ್ಬರೂ ಒಪ್ಪಿ ಬರೆದುಕೊಂಡರೆ ಜಾಸ್ತಿಯೂ ಆಗಬಹುದು, ಹಾಗಾಗಿ ಆರು ತಿಂಗಳು, ಹತ್ತು ತಿಂಗಳು ಕೇಳುವವರೂ ಇದ್ದಾರೆ. ಮೂರಕ್ಕೆ ನಿಂತುಕೊಂಡು ಮಾತಾಡಿ. ಅದು 72,000. ಮೊದಲ ತಿಂಗಳ ಬಾಡಿಗೆ 24,000, ಬ್ರೋಕರಿಗೆ ಇನ್ನೊಂದು ತಿಂಗಳದ್ದು 24,000, ನಿನ್ನ ನಡುವಿನ ಕೊಟೇಶನ್ ಪ್ರಕಾರ ಲಾರಿಗೆ 36,000. ಇಲ್ಲಿಗೇ 1,56,000 ಆಯಿತು. ಎಸಿಗೆ, ಅದರ ಫಿಟ್ಟಿಂಗಿಗೆ 40,000 ಸೇರಿಸಿದರೆ ಎರಡು ಲಕ್ಷದ ಹತ್ತಿರ. ಮಗುವಿನ ಶಾಲೆ ಫೀಸು ಇದರಲ್ಲಿ ಬಂದಿಲ್ಲ. ಇಷ್ಟೂ ಹೋಗುವುದು ಕುವೆಂಪುನಗರದ ಮನೆಯ ಡೆಪಾಸಿಟ್ ವಾಪಸ್ ಬರುವ ಮುಂಚೆ. ಮನೆ ಖಾಲಿ ಮಾಡಿ, ಪೇಂಟಿಂಗ್ ದುಡ್ಡು ಹಿಡಿದುಕೊಂಡು, ಆಮೇಲೆ ಕೊಡುತ್ತಾರೆ. ನಡುವೆ ಒಂದೆರಡು ವಾರ ಎರಡೂ ಮನೆಗೆ ಬಾಡಿಗೆ ಬೀಳಬಹುದು. ಆ ಸಂದಿಗೆ ಬೇಕಾಗುವ ದುಡ್ಡನ್ನು ಕ್ರೆಡಿಟ್ ಕಾರ್ಡಿನಿಂದ ತೆಗೆಯಬೇಡ. ನನ್ನ ಒಂದು ಎಫ್‌ಡಿ ಮಾರ್ಚ್‌ನಲ್ಲಿ ಮುಗಿಯುತ್ತದೆ, ಅದನ್ನು ಹಾಕಿಕೊಡುತ್ತೇನೆ. ಡೆಪಾಸಿಟ್ ಬಂದಮೇಲೆ ವಾಪಸ್ ಹಾಕು. ಸಂಕೋಚ ಬೇಡ.

ಲಾರಿಯವರ ವಿಷಯ. 19,000ಕ್ಕೆ ಬರುತ್ತೇನೆ ಅಂದವರನ್ನು ಬಿಟ್ಟುಬಿಡು. ಫೋನಿನಲ್ಲೇ ಕಮ್ಮಿ ರೇಟು ಹೇಳಿ, ಸಾಮಾನು ಏರಿಸಿದ ಮೇಲೆ ದಾರಿಯಲ್ಲಿ ನಿಲ್ಲಿಸಿ ಇನ್ನಷ್ಟು ಕೇಳುವವರಿದ್ದಾರೆ. ಮನೆಗೆ ಬಂದು ಸಾಮಾನು ನೋಡಿ, ಬರೆದು ಕೊಟ್ಟವರ ರೇಟನ್ನಷ್ಟೇ ನಂಬು. ಅದರಲ್ಲಿ ಟೋಲ್, ಜಿಎಸ್‌ಟಿ, ಮಹಡಿ ಹತ್ತಿಸುವ ಕೂಲಿ ಸೇರಿದೆಯೇ ಅಂತ ಕೇಳು. ಲಾರಿ ಪೂರ್ತಿ ನಿಮಗೋ, ಬೇರೆಯವರ ಸಾಮಾನೂ ಸೇರುತ್ತದೋ? ಸೇರಿದರೆ ಅಗ್ಗ, ಆದರೆ ಗೋದಾಮಿನಲ್ಲಿ ಇಳಿಸಿ ಏರಿಸುತ್ತಾರೆ, ಯಾವ ದಿನ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಐನೂರು ಕಿಲೋಮೀಟರಿಗೆ ಪೂರ್ತಿ ಲಾರಿಯೇ ಒಳ್ಳೆಯದು. ಅಳಿಯಂದಿರ ಕಂಪನಿ ದುಡ್ಡು ಕೊಡುವುದಾದರೆ ಎಂಥ ಬಿಲ್ ಬೇಕು ಅಂತ ಮೊದಲೇ ವಿಚಾರಿಸಲಿ. ನಮ್ಮ ಬ್ಯಾಂಕಿನಲ್ಲಿ ಐಬಿಎ (ಬ್ಯಾಂಕುಗಳ ಸಂಘ) ಪಟ್ಟಿಯಲ್ಲಿರುವ ಸಾಗಣೆದಾರರ ಬಿಲ್ಲೇ ಬೇಕಾಗುತ್ತಿತ್ತು. ಸಾಗಣೆ ವಿಮೆ ಮಾಡಿಸು, ಸಾಮಾನಿನ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಬೆಲೆ ಬರೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಪತ್ರ) ಬೇಕಿಲ್ಲ. ಅದರ ಹೆಸರಲ್ಲಿ ದುಡ್ಡು ಕೇಳಿದರೆ ಕೊಡಬೇಡ.

ಏನು ಬಿಡಬೇಕು, ಏನು ಒಯ್ಯಬೇಕು ಅನ್ನುವುದರಲ್ಲಿ ನೀನು ತುಂಬಾ ಮೆತ್ತಗೆ ಇದ್ದೀಯ. ಅಜ್ಜಿಯ ತೇಗದ ಮಂಚ ಮಂಡ್ಯಕ್ಕೆ ಬರಲಿ. ಕಂಬಳಿ, ರಜಾಯಿ, ಸ್ವೆಟರ್, ದಪ್ಪ ಫೋಮ್ ಹಾಸಿಗೆ ಇವೂ ಇಲ್ಲೇ ಇರಲಿ. ಹತ್ತಿ ಹಾಸಿಗೆ ಒಯ್ಯಿ, ಬೆನ್ನಿಗೆ ಸೆಕೆ ಆಗುವುದಿಲ್ಲ. ಗೀಸರ್ ಯಾರಿಗಾದರೂ ಕೊಟ್ಟುಬಿಡು. ಮದುವೆಯಲ್ಲಿ ಕೊಟ್ಟ ಮೈಸೂರು ಶೈಲಿಯ ಚಿತ್ರಪಟವನ್ನು ಮಾತ್ರ ಲಾರಿಗೆ ಹಾಕಲೇಬೇಡ, ಕಾರಿನಲ್ಲಿ ಒಯ್ಯಿರಿ. ಅದರ ಉಬ್ಬು ಕೆಲಸದ ಮೇಲೆ ಬಂಗಾರದ ರೇಕು ಅಂಟಿಸಿರುತ್ತಾರೆ, ಮುಚ್ಚಿದ ಲಾರಿಯ ಬಿಸಿಗೆ ಬಿರುಕು ಬಿಟ್ಟರೆ ಸರಿ ಮಾಡುವವರು ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿಯೂ ಹೊರಗೋಡೆಗೆ ನೇತುಹಾಕಬೇಡ. ಮೈಸೂರು ರೇಷ್ಮೆ ಸೀರೆಗಳನ್ನು ಹಳೇ ಮಲ್ಲು ಪಂಚೆಯಲ್ಲಿ ಸುತ್ತು, ಪ್ಲಾಸ್ಟಿಕ್ ಬೇಡ. ತೇವದ ಗಾಳಿಗೆ ಜರಿ ಕಪ್ಪಾಗುತ್ತದೆ. ಆಗಾಗ ತೆಗೆದು ನೆರಳಿನಲ್ಲಿ ಹರಡಿ, ಮಡಿಕೆ ಬದಲಿಸಿ ಇಡು. ರಾಗಿ ಹಿಟ್ಟು ಮೂಟೆಗಟ್ಟಲೆ ಒಯ್ಯಬೇಡ, ಆ ಸೆಕೆಗೆ ಬೇಗ ಹುಳ ಬೀಳುತ್ತದೆ. ಫ್ರಿಡ್ಜನ್ನು ಹಿಂದಿನ ದಿನವೇ ಖಾಲಿ ಮಾಡಿ ಒಣಗಿಸು, ನಿಲ್ಲಿಸಿಯೇ ಸಾಗಿಸಲಿ, ಇಳಿಸಿದ ಮೇಲೆ ಕೆಲವು ಗಂಟೆ ಬಿಟ್ಟು ಸ್ವಿಚ್ ಹಾಕು.

ಗ್ಯಾಸ್ ಸಿಲಿಂಡರ್ ಲಾರಿಯಲ್ಲಿ ಹೋಗುವ ಹಾಗಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ, ಡೆಪಾಸಿಟ್ ವಾಪಸ್ ತಗೊಂಡು, ವೋಚರ್ ಪಡೆದು ಅಲ್ಲಿ ತೋರಿಸಬೇಕು. ಅಲ್ಲಿ ಈಗಿನ ದರದಲ್ಲಿ ಮತ್ತೆ ಡೆಪಾಸಿಟ್ ಕಟ್ಟಬೇಕಾಗುತ್ತದೆ. ಸ್ಕೂಟರ್ ಇಲ್ಲಿಗೇ ತಂದುಬಿಡು, ನಿಮ್ಮಪ್ಪ ಓಡಿಸುತ್ತಾರೆ. ಅಲ್ಲೂ ಹೆಂಗಸರಿಗೆ ಸಾದಾ ಸಿಟಿ ಬಸ್ಸು 2021ರಿಂದ ಉಚಿತ, ಓಡಾಟಕ್ಕೆ ತೊಂದರೆಯಿಲ್ಲ. ಕಾರು ಹನ್ನೆರಡು ತಿಂಗಳಿಗಿಂತ ಜಾಸ್ತಿ ಅಲ್ಲಿದ್ದರೆ ತಮಿಳುನಾಡಿನ ನಂಬರ್ ಮಾಡಿಸಬೇಕು. ಮೈಸೂರು ಆರ್‌ಟಿಒದಿಂದ ಎನ್‌ಒಸಿ, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ, ಬಾಕಿ ದಂಡ ಇದ್ದರೆ ಕಟ್ಟಿರಬೇಕು. ಅಲ್ಲಿ ಮತ್ತೆ ತೆರಿಗೆ ಕಟ್ಟಿ, ಇಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಪಾಲಿಗೆ ಅರ್ಜಿ ಹಾಕಬಹುದು. ಈ ತೆರಿಗೆ ಸಣ್ಣದಲ್ಲ, ಬರುವ ವರ್ಷದ ಬಜೆಟ್ಟಿನಲ್ಲಿ ಇದಕ್ಕೆ ಜಾಗ ಇಡು.

ಇನ್ನು ಹೊರಡುವ ದಿನ. ನೀವು ಮೇ 30 ಅಂತ ಅಂದುಕೊಂಡಿದ್ದೀರಿ. ನನಗೆ ಅದು ಸ್ವಲ್ಪವೂ ಇಷ್ಟವಿಲ್ಲ. ತಿಂಗಳ ಕೊನೆ, ಶಾಲೆ ರಜೆ ಎರಡೂ ಸೇರಿ ಲಾರಿಯವರ ರೇಟು ಏರಿರುತ್ತದೆ. ಬಿಸಿಲು ತುದಿ ಮುಟ್ಟಿರುತ್ತದೆ. ಮಗುವಿನ ಪರೀಕ್ಷೆ ಮುಗಿದು ಟಿಸಿ ಕೈಗೆ ಬಂದ ತಕ್ಷಣ, ಏಪ್ರಿಲ್ ನಡುವೆ ವಾರದ ದಿನ ನೋಡಿ ಹೊರಡಿ. 14ನೇ ತಾರೀಖು ತಮಿಳರ ಹೊಸ ವರ್ಷ, ಆ ದಿನ ಕೂಲಿಯವರು ಸಿಗುವುದಿಲ್ಲ, ಅದನ್ನು ಬಿಟ್ಟು ಇಟ್ಟುಕೊಳ್ಳಿ. ಮೈ ಹೊಸ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಅಗ್ನಿ ನಕ್ಷತ್ರ ಶುರುವಾಗುವ ಮುಂಚೆ ಮಗು ಹೊಂದಿಕೊಂಡಿರುತ್ತದೆ, ಜೂನ್‌ಗೆ ಶಾಲೆಗೆ ಹೋಗಲು ಸಲೀಸು. ಅಲ್ಲಿವರೆಗೆ ನಾಲ್ಕು ತಮಿಳು ಮಾತೂ ಬಂದಿರುತ್ತದೆ.

ಸಂಜೆ ಲಾರಿ ತುಂಬಿಸಿ ಕಳಿಸಿ, ಅಳಿಯಂದಿರು ಕಾರಿನಲ್ಲಿ ಬರಲಿ. ನೀನೂ ಮಗುವೂ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಚೆನ್ನೈ ಸೆಂಟ್ರಲ್‌ನಲ್ಲಿ ಇರುತ್ತೀರಿ. ಅಪಾರ್ಟ್‌ಮೆಂಟಿನಲ್ಲಿ ಸಾಮಾನು ಇಳಿಸುವ ಸಮಯ, ಲಿಫ್ಟ್ ಬಳಸುವ ನಿಯಮ ಮೊದಲೇ ಕೇಳಿರಿ. ಕೂಲಿಯವರಿಗೆ ಮಜ್ಜಿಗೆ, ನೀರು ನಾವೇ ಕೊಡೋಣ, ಆ ಬಿಸಿಲಲ್ಲಿ ಮಹಡಿ ಹತ್ತಿ ಇಳಿಯುವುದು ಸುಲಭವಲ್ಲ. ರೈಲು ಮಂಡ್ಯದಲ್ಲೂ ನಿಲ್ಲುತ್ತದೆ, ನಾನು ಇಲ್ಲೇ ಹತ್ತಿಕೊಳ್ಳುತ್ತೇನೆ. ಮೇ ಮುಗಿಯುವವರೆಗೂ ನಿನ್ನ ಜೊತೆ ಇರುತ್ತೇನೆ ಅಂತ ನಿಮ್ಮಪ್ಪನಿಗೆ ಹೇಳಿ ಆಯಿತು. ಟಿಕೆಟ್ ಮೂರು ತಗೋ, ಇಬ್ಬರಿಗೆ ಕೆಳಗಿನ ಬರ್ತ್ ಸಿಗುತ್ತದಾ ನೋಡು.

ಭಾನುವಾರ ಮೈಸೂರಿಗೆ ಬರುತ್ತೇನೆ. ಅಟ್ಟದ ಸಾಮಾನನ್ನು ಕೆಳಗಿಳಿಸಿಡಿ. ಇಲ್ಲಿಗೆ ಬರುವುದು, ಅಲ್ಲಿಗೆ ಹೋಗುವುದು, ಕೊಟ್ಟುಬಿಡುವುದು ಅಂತ ವಿಂಗಡಿಸೋಣ. ಆಮೇಲೆ ಲಾರಿಯವರನ್ನು ಮತ್ತೊಮ್ಮೆ ಕರೆಸಿ ಅಳತೆ ಮಾಡಿಸು. ಅಷ್ಟರೊಳಗೆ ತಾರೀಖಿನ ಪಟ್ಟಿ ಬರೆದಿಡು, ನೀರಿನ ಸಾಲು, ಕರೆಂಟಿನ ಸಾಲು ಸೇರಿಸಿ.

ಇಂತಿ ನಿನ್ನ ಪ್ರೀತಿಯ
ಅಮ್ಮ