ಒಳಗೊಬ್ಬ ಶತ್ರು ಬೇಕೇ ಬೇಕಾ?

ಶಿವಮೊಗ್ಗ

ಚಿ. ಸೌಮ್ಯಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಜರ್ಮನಿಯ ಚಳಿ, ಕಲೋನಿನ ಹೊಸ ರೂಮು, ಸ್ಕಾಲರ್‌ಶಿಪ್ ತಡವಾಗಿದ್ದು, ಇದನ್ನೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಳು. ಅದರ ಬಗ್ಗೆ ಮತ್ತೆ ಬರೆಯುವುದಿಲ್ಲ. ಕೊನೆಯ ಪುಟದಲ್ಲಿ ನೀನು ಬರೆದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ‘ಬಿಸ್ಮಾರ್ಕನ ಕಾಲ ಓದ್ತಾ ಓದ್ತಾ ಭಯ ಆಗ್ತಿದೆ ದೊಡ್ಡಪ್ಪ. ಒಳಗೇ ಒಬ್ಬ ಶತ್ರುವನ್ನು ತೋರಿಸದೆ ಯಾವ ದೇಶವೂ ಒಂದಾಗಲ್ವೇನೋ’ ಅಂದಿದ್ದೀಯ. ಬರೀ ಥೀಸಿಸ್‌ನ ಪ್ರಶ್ನೆಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇದು ನಿನ್ನ ನಂಬಿಕೆಯೇ ಆಗಿಬಿಟ್ಟರೆ ಏನು ಗತಿ ಅನ್ನುವುದು ನನ್ನ ಚಿಂತೆ.

ನಿನ್ನ ಭಯಕ್ಕೆ ಕಾರಣವಿಲ್ಲ ಅಂತ ನಾನು ಹೇಳುವುದಿಲ್ಲ. 1871ರ ಜನವರಿ 18ರಂದು ಫ್ರಾನ್ಸಿನ ವರ್ಸೈ ಅರಮನೆಯಲ್ಲಿ ಜರ್ಮನಿಯ ಚಕ್ರವರ್ತಿಯ ಘೋಷಣೆ ಆಯಿತು. 25 ಜರ್ಮನ್ ರಾಜ್ಯಗಳು ಕಾಗದದ ಮೇಲೆ ಒಂದಾದವು. ಬವೇರಿಯಾ ತನ್ನ ಅಂಚೆ, ತನ್ನ ರೈಲು ಎರಡನ್ನೂ ತನ್ನಲ್ಲೇ ಇಟ್ಟುಕೊಂಡಿತು. ಮೂರರಲ್ಲಿ ಒಂದು ಪಾಲು ಜನ ಕ್ಯಾಥೊಲಿಕರು. ಪೂರ್ವಕ್ಕೆ ಪೋಲಿಷ್ ಮಾತಾಡುವವರು. ಪಶ್ಚಿಮಕ್ಕೆ ಯುದ್ಧದಲ್ಲಿ ಫ್ರಾನ್ಸಿನಿಂದ ಕಿತ್ತುಕೊಂಡ ಅಲ್ಸಾಸ್-ಲೊರೇನ್. ಇಂಥ ದೇಶವನ್ನು ಕೈಗೆ ತಗೊಂಡ ಚಾನ್ಸಲರ್ ಬಿಸ್ಮಾರ್ಕ್ ಮೊದಲು ಕ್ಯಾಥೊಲಿಕರ ಮೇಲೆ ಬಿದ್ದ. 1872ರಲ್ಲಿ ಜೆಸ್ಯೂಟರು ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಂಘಕ್ಕೆ ನಿಷೇಧ. 1873ರ ಮೇ ಕಾನೂನುಗಳಿಂದ ಪಾದ್ರಿಗಳ ಓದು, ನೇಮಕ ಎಲ್ಲ ಆ ರಾಜ್ಯಗಳಲ್ಲೇ ದೊಡ್ಡದಾದ ಪ್ರಷ್ಯಾದ ಸರ್ಕಾರದ ಕೈಗೆ. 1878ರಲ್ಲಿ ಸಮಾಜವಾದಿಗಳ ಸರದಿ ಬಂತು. ಅವರಿಗೆಲ್ಲ ಒಂದೇ ಹಣೆಪಟ್ಟಿ, ಸಾಮ್ರಾಜ್ಯದ ಶತ್ರುಗಳು.

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನಮ್ಮ ಸಿಲೆಬಸ್ಸು ವರ್ಸೈಗೇ ಮುಗಿಯುತ್ತಿತ್ತು. ಪ್ರತಿ ವರ್ಷ ಅದೇ ಪ್ರಶ್ನೆ: ಜರ್ಮನಿಯ ಏಕೀಕರಣದಲ್ಲಿ ಬಿಸ್ಮಾರ್ಕನ ಪಾತ್ರವನ್ನು ವಿವರಿಸಿ. ಮಕ್ಕಳು ಮೂರು ಯುದ್ಧಗಳನ್ನು ಉರು ಹೊಡೆದು ಬರೆಯುತ್ತಿದ್ದರು. ಸಹಿ ಬಿದ್ದ ಮಾರನೆಯ ದಿನ ಆ ಜನ ಒಬ್ಬರ ಮುಖ ಒಬ್ಬರು ಹೇಗೆ ನೋಡಿದರು ಅನ್ನುವುದು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲಿಲ್ಲ. ಅದನ್ನು ಓದಬೇಕು ಅಂತ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಸೇರಿ ಜರ್ಮನ್ ಕಲಿಯುವ ಆಸೆ ಇತ್ತು. ಅಷ್ಟರಲ್ಲಿ ವರ್ಗಾವಣೆ ಆಯಿತು, ನಿಮ್ಮಜ್ಜಿ ಹಾಸಿಗೆ ಹಿಡಿದರು. ಕ್ಯಾಥೊಲಿಕರ ನಾಯಕ ವಿಂಡ್‌ಥಾರ್ಸ್ಟ್ ಸಂಸತ್ತಿನಲ್ಲಿ ಬಿಸ್ಮಾರ್ಕನಿಗೆ ಎದುರು ನಿಂತು ಮಾಡಿದ ಭಾಷಣಗಳನ್ನು ಅವನದೇ ಮಾತಿನಲ್ಲಿ ಓದುವ ಭಾಗ್ಯ ನನಗೆ ಬರಲಿಲ್ಲ. ಈಗಲೂ ಆ ಕೊರಗು ಹೋಗಿಲ್ಲ. ನೀನು ಓದುತ್ತೀಯ ಅಲ್ವಾ, ಅದೇ ಸಂತೋಷ.

ನಿನ್ನ ಊರಿನ ಕ್ಯಾಥೆಡ್ರಲ್ಲನ್ನೇ ನೋಡು. 1248ರಲ್ಲಿ ಶುರುವಾಗಿ, ನಡುವೆ ನೂರಾರು ವರ್ಷ ಅರ್ಧಕ್ಕೇ ನಿಂತು, 1880ರಲ್ಲಿ ಮುಗಿಯಿತು. ಅಕ್ಟೋಬರ್ 15ರ ಉತ್ಸವಕ್ಕೆ ಚಕ್ರವರ್ತಿ ವಿಲ್ಹೆಲ್ಮ್ ಬಂದ. ಒಂದಾದ ಜರ್ಮನಿಯ ಗುರುತು ಅಂತ ಎಲ್ಲ ಕಡೆ ಸಾರಿದರು. ಆದರೆ ಆ ಚರ್ಚಿನ ಆರ್ಚ್‌ಬಿಷಪ್ ಪಾಲ್ ಮೆಲ್ಕರ್ಸ್ ಅಲ್ಲಿರಲಿಲ್ಲ. 1874ರಲ್ಲಿ ಅವರನ್ನು ಜೈಲಿಗೆ ಹಾಕಿದ್ದರು, ಆಮೇಲೆ ಅವರು ಹಾಲೆಂಡಿಗೆ ಹೋಗಿ ನೆಲೆಸಿದ್ದರು. ಊರಿನ ಎಷ್ಟೋ ಕ್ಯಾಥೊಲಿಕರು ಸಂಭ್ರಮದಿಂದ ದೂರವೇ ಉಳಿದರು. ಆ ಹೊತ್ತಿಗೆ ಪ್ರಷ್ಯಾದಲ್ಲಿ ಪಾದ್ರಿಯೇ ಇಲ್ಲದ ಪ್ಯಾರಿಷ್‌ಗಳು, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರು-ಕೇರಿಗಳು, ಸಾವಿರದ ಮೇಲಿದ್ದವು. ಮಗು ಹುಟ್ಟಿದರೆ ದೀಕ್ಷಾಸ್ನಾನ ಮಾಡಿಸಲು ಯಾರನ್ನು ಕರೆಯಬೇಕು, ಸಾಯುವವರ ಹಾಸಿಗೆ ಪಕ್ಕ ಯಾರು ಕೂರಬೇಕು? ಒಂದಾಗುವುದು ಅಂದರೆ ಇದೇನಾ ಅಂತ ಆ ಜನ ಕೇಳಿಕೊಂಡಿರಬೇಕು.

ನನಗೆ ಇಲ್ಲಿ ಕಾಣುವುದು ಬೇರೆ. ಶತ್ರುವನ್ನು ತೋರಿಸಿದ್ದರಿಂದ ಯಾರು ಒಂದಾದರು? ಅಟ್ಟಿಸಿಕೊಂಡವರೇ ಒಂದಾದರು. ಕ್ಯಾಥೊಲಿಕರ ಸೆಂಟ್ರುಮ್ ಪಕ್ಷಕ್ಕೆ 1871ರಲ್ಲಿ 63 ಸ್ಥಾನ, 1874ರಲ್ಲಿ 91. ಸಮಾಜವಾದಿಗಳ ಸಭೆ, ಪತ್ರಿಕೆ ಎಲ್ಲ ಮುಚ್ಚಿಸಿದರು. 1890ರ ಚುನಾವಣೆಯಲ್ಲಿ ಅವರಿಗೆ ಹದಿನಾಲ್ಕು ಲಕ್ಷ ಮತ ಬಿತ್ತು, ಬೇರೆ ಯಾವ ಪಕ್ಷಕ್ಕೂ ಅಷ್ಟಿಲ್ಲ. ನೀನು ಭಯಪಡುವ ಉಪಾಯ ಬಿಸ್ಮಾರ್ಕನಿಗೇ ಕೈಕೊಟ್ಟಿತು. ಆದರೆ ಅದರಿಂದ ಸಮಾಧಾನ ಪಡುವ ಹಾಗೂ ಇಲ್ಲ. ಆಮೇಲೆ ಎಷ್ಟೋ ವರ್ಷ ಅವರವರ ಸಂಘ, ಅವರವರ ಪತ್ರಿಕೆ, ಅವರವರ ಹಾಡಿನ ಕೂಟ ಅಂತ ಬೇರೆ ಬೇರೆಯಾಗೇ ಬದುಕಿದರು.

ಹಾಗಾದರೆ ಒಂದು ಮಾಡಿದ್ದೇನು? ನನ್ನ ಲೆಕ್ಕದಲ್ಲಿ ಸಣ್ಣ ಸಣ್ಣ ವಿಷಯಗಳು. ಉತ್ತರದಲ್ಲಿ ಥಾಲರ್, ದಕ್ಷಿಣದಲ್ಲಿ ಗುಲ್ಡನ್ ಇದ್ದ ಕಡೆ ಮಾರ್ಕ್ ಅನ್ನುವ ಒಂದೇ ನಾಣ್ಯ ಬಂತು. ಮ್ಯೂಸಿಯಮ್ಮಿಗೆ ಹೋದಾಗ ಆ ಕಾಲದ ಐದು ಮಾರ್ಕಿನ ಬೆಳ್ಳಿ ನಾಣ್ಯವನ್ನು ತಿರುಗಿಸಿಟ್ಟಿದ್ದರೆ ಎರಡೂ ಬದಿ ನೋಡು. ಒಂದು ಬದಿಯಲ್ಲಿ ಬವೇರಿಯಾದ ದೊರೆ ಲುಡ್ವಿಗ್, ಇನ್ನೊಂದು ಬದಿಯಲ್ಲಿ ಸಾಮ್ರಾಜ್ಯದ ಹದ್ದು. ನಿನ್ನ ದೊರೆಯನ್ನು ಬಿಡು ಅಂತ ಆ ನಾಣ್ಯ ಯಾರಿಗೂ ಹೇಳಲಿಲ್ಲ. 25 ದಾಟಿದ ಗಂಡಸರಿಗೆಲ್ಲ ಸಂಸತ್ತಿಗೆ ಮತ ಹಾಕುವ ಹಕ್ಕಿತ್ತು. 1883ರಲ್ಲಿ ಕಾರ್ಮಿಕರ ಕಾಯಿಲೆಗೆ ವಿಮೆ ಬಂತು. ಅದಕ್ಕಿಂತ ನನಗೆ ಮುಖ್ಯ ಅನ್ನಿಸುವುದು 1896. ಇಡೀ ದೇಶಕ್ಕೆ ಒಂದು ನಾಗರಿಕ ಕಾನೂನು ಪಾಸಾದಾಗ, ಶತ್ರು ಅನ್ನಿಸಿಕೊಂಡಿದ್ದ ಅದೇ ಸೆಂಟ್ರುಮ್ ಚೌಕಾಸಿ ಮಾಡಿ, ತನಗೆ ಬೇಕಾದ ತಿದ್ದುಪಡಿ ಹಾಕಿಸಿ, ಪರವಾಗಿ ಮತ ಹಾಕಿತು. ಒಳಗೆ ಕೂತು ಜಗಳ ಮಾಡಲು ಜಾಗ ಸಿಕ್ಕಿದವರು ಮನೆ ಕಟ್ಟಲು ಕೈ ಹಚ್ಚಿದರು.

ಪೋಲಿಷ್ ಮಾತಾಡುವ ಪೋಲರ ವಿಷಯಕ್ಕೆ ಬಂದರೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ. 1901ರಲ್ಲಿ ವ್ರೆಶೆನ್ ಅನ್ನುವ ಊರಿನ ಶಾಲೆಯಲ್ಲಿ ಮಕ್ಕಳು ಧರ್ಮಪಾಠವನ್ನು ಜರ್ಮನಿನಲ್ಲಿ ಒಪ್ಪಿಸುವುದಿಲ್ಲ ಅಂದರು. ಅವರಿಗೆ ಬೆತ್ತದೇಟು, ಪ್ರತಿಭಟಿಸಿದ ತಂದೆ ತಾಯಂದಿರಿಗೆ ಜೈಲು. ದೇವರ ಹತ್ತಿರ ಮನೆಮಾತಿನಲ್ಲಿ ಮಾತಾಡುತ್ತೇವೆ ಅಂದಿದ್ದಕ್ಕೆ! ಇದನ್ನು ಓದಿದಾಗ ನಿನ್ನ ಭಯ ನನಗೂ ತಟ್ಟುತ್ತದೆ. ಆದರೆ ಹೀಗೆ ಮಾಡಲೇಬೇಕಿತ್ತು ಅಂತ ಎಲ್ಲೂ ಬರೆದಿರಲಿಲ್ಲ ಮಗಳೇ. ಯಾರೋ ಕೂತು ಆ ಆದೇಶಕ್ಕೆ ಸಹಿ ಹಾಕಿದರು. ಹಾಕದೆಯೂ ಇರಬಹುದಿತ್ತು.

ನಿನ್ನ ಓದಿನ ಬಗ್ಗೆ ಹೇಳಲು ನಾನ್ಯಾರು, ಆದರೂ ಒಂದು ಮಾತು. ಬರ್ಲಿನ್ನಿನ ಮಂತ್ರಿಗಳ ಕಾಗದಪತ್ರ ಮಾತ್ರ ಓದಬೇಡ, ಅದರಲ್ಲಿ ಎಲ್ಲರೂ ಶತ್ರುಗಳೇ. ಹಳ್ಳಿಯ ಪ್ಯಾರಿಷ್ ದಾಖಲೆಗಳು ಸಿಕ್ಕರೆ ಅವನ್ನೂ ನೋಡು. ರಾತ್ರಿ ಹೊತ್ತು ಈ ಅಧ್ಯಾಯ ಬರೆಯುವುದನ್ನು ಬಿಟ್ಟರೆ ಒಳ್ಳೆಯದೇನೋ, ಕತ್ತಲಲ್ಲಿ ಭಯ ಜಾಸ್ತಿ. ಅಲ್ಲಿನ ಗೆಳತಿಯರ ಜೊತೆ ಇದನ್ನು ಬಾಯಿಬಿಟ್ಟು ಮಾತಾಡು.

ಫ್ರಾನ್ಸಿನ ಮೇಲಿನ ಸೆಡಾನ್ ಗೆಲುವಿನ ದಿನ, ಸೆಪ್ಟೆಂಬರ್ 2ರಂದು, ರೈನ್ ಕಡೆಯ ಕ್ಯಾಥೊಲಿಕ್ ಹಳ್ಳಿಗಳಲ್ಲಿ ಬಾವುಟ ಹಾರಿಸಿದವರು ಯಾರು, ಹಾರಿಸದವರು ಯಾರು, ಆಮೇಲೆ ಅವರ ನಡುವೆ ಮಾತುಕತೆ ಇತ್ತಾ ಅಂತ ಎಲ್ಲಾದರೂ ಸಿಕ್ಕರೆ ನನಗೆ ಬರೆದು ಕಳಿಸು.

ಇತಿ ನಿನ್ನ
ದೊಡ್ಡಪ್ಪ